ಚೊಚ್ಚಲ ಹೆರಿಗೆಗೆ ಸಿದ್ಧವಾಗುವ ವಿಷಯ

ಓದತಕ್ಕ ಭಾಗಗಳು: ಆದಿಕಾಂಡ 3:16–19, 35:16–20. ವಿಮೋಚನಕಾಂಡ 1:15–21. ಲೂಕ 1:39–56.

ಈ ತಿಂಗಳ ಪಾಠವು ನಮ್ಮ ಸಭೆಗಳ ಯೌವನಸ್ಥ ಸ್ತ್ರೀಯರಿಗಾಗಿ, ಅವರಲ್ಲಿಯೂ ಮೊದಲನೆಯ ಸಾರಿ ಗರ್ಭಿಣಿಯರಾದವರಿಗಾಗಿ ಬರೆದದ್ದಾಗಿದೆ. ಆದರೆ ಅವರ ಗಂಡಂದಿರೂ ಅತ್ತೆಯಂದಿರೂ ಇದನ್ನು ಓದದೆ ಬಿಟ್ಟರೆ ಪಾಠದ ಅರ್ಧವು ನಷ್ಟವಾಗುವದು. ಯಾಕಂದರೆ ಚೊಚ್ಚಲ ಬಸುರಿಯು ಹೊಸ್ತಿಲು ದಾಟಿ ಆಸ್ಪತ್ರೆಗೆ ಹೋಗಬೇಕಾದರೆ ಅವಳ ಸ್ವಂತ ಮನಸ್ಸು ಮಾತ್ರ ಸಾಕಾಗುವದಿಲ್ಲವೆಂಬದನ್ನು ಎಲ್ಲರೂ ಬಲ್ಲರು. ಓದು ಬಾರದವರಿಗೆ ಮನೆಯಲ್ಲಿ ಯಾರಾದರೂ ಓದಿ ಹೇಳಲಿ.

ಇಂಥ ವಿಷಯವನ್ನು ಸಭೆಯ ಪತ್ರಿಕೆಯಲ್ಲಿ ಬರೆಯುವದು ನಾಚಿಕೆಯಲ್ಲವೋ ಎಂದು ಕೆಲವರು ಕೇಳಬಹುದು. ಸತ್ಯವೇದಕ್ಕೆ ಆ ನಾಚಿಕೆ ಇಲ್ಲ. ವಿಮೋಚನಕಾಂಡದ ಮೊದಲನೆಯ ಅಧ್ಯಾಯದಲ್ಲಿ ಐಗುಪ್ತದ ಮಹಾ ಅರಸನ ಹೆಸರು ಏನೆಂದು ಬರೆದಿಲ್ಲ. ಅವನನ್ನು ಫರೋಹನೆಂದು ಮಾತ್ರ ಹೇಳಿದೆ. ಆದರೆ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರ ಹೆಸರುಗಳು ಬರೆದಿರುತ್ತವೆ. ದೇವರು ಯಾರ ಹೆಸರನ್ನು ನೆನಪಿಟ್ಟನೆಂಬದು ಇದರಿಂದ ತಿಳಿಯುವದು.

ಪಾಠವನ್ನು ಆರಂಭಿಸುವದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಂಟಿಕೊಪ್ಪದಿಂದ ಬಹಳ ಒಳಗೆ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ನಮ್ಮ ಸಭೆಯ ಒಬ್ಬ ಸಹೋದರಿಗೆ ಆಷಾಢದ ಮಳೆಯ ಒಂದು ರಾತ್ರಿ ಚೊಚ್ಚಲ ಬೇನೆಯು ತೊಡಗಿತು. ಪ್ರಾರ್ಥನೆ ಮಾಡುವದಕ್ಕೆ ನಮ್ಮನ್ನು ಕರೆಕಳುಹಿಸಿದರು. ನಾವು ಹೋಗುವಷ್ಟರಲ್ಲಿ ನೀರಿನ ಚೀಲವು ಒಡೆದಿತ್ತು. ಜೀಪು ಕೆಳಗೆ ಗೇಟಿನ ಬಳಿ ನಿಂತಿತ್ತು. ನಾವು ಮೊಣಕಾಲೂರಿ ಅಬ್ರಹಾಮನಿಂದ ಆರಂಭಿಸಿ ಹನ್ನಳ ವರೆಗೆ ಬಂದೆವು. ಆಗ ಆ ಸಹೋದರಿಯ ಅತ್ತೆಯು, ಅಕ್ಷರ ಬಾರದ ಮುದುಕಿ, ನಮ್ಮ ಹೆಗಲನ್ನು ಮುಟ್ಟಿ, “ಅಯ್ಯನವರೇ, ಉಳಿದದ್ದನ್ನು ಜೀಪಿನಲ್ಲಿ ಹೇಳಿರಿ” ಅಂದಳು. ನಮಗೆ ಮುಖವೆತ್ತಲು ಆಗಲಿಲ್ಲ. ಆ ರಾತ್ರಿಯ ಕಥೆಯನ್ನು ಮುಂದೆ ಹೇಳುವೆವು. ಪ್ರಾರ್ಥನೆಯೂ ಸಿದ್ಧತೆಯೂ ಒಂದಕ್ಕೊಂದು ವಿರೋಧವಲ್ಲವೆಂದು ದೈವಜ್ಞಾನ ಶಾಲೆಯಲ್ಲಿ ಕಲಿಯದೆ ಹೋದದ್ದನ್ನು ನಾವು ಆ ಮುದುಕಿಯಿಂದ ಕಲಿತೆವು.

ಈಗ ಮೊದಲನೆಯ ಭಾಗವನ್ನು ನೋಡೋಣ. ನಮ್ಮ ಹಿರಿಯರಲ್ಲಿ ಕೆಲವರು ಆದಿಕಾಂಡ 3:16ನ್ನು ಹಿಡಿದು, ಹೆರಿಗೆಯ ನೋವು ಹವ್ವಳಿಗೆ ಬಂದ ಶಿಕ್ಷೆ. ಅದನ್ನು ಸುಮ್ಮನೆ ತಾಳಿಕೊಳ್ಳುವದೇ ಭಕ್ತಿ. ಔಷಧ, ಆಸ್ಪತ್ರೆ ಅನ್ನುವದು ಅಪನಂಬಿಕೆ ಎಂದು ಹೇಳುವದುಂಟು. ಇದು ಹೊಸ ಮಾತಲ್ಲ. 1847ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಎಡಿನ್ಬರೋ ಪಟ್ಟಣದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಎಂಬವನು ಹೆರಿಗೆಯಲ್ಲಿ ಕ್ಲೋರೋಫಾರ್ಮನ್ನು ಉಪಯೋಗಿಸಿದಾಗ ಅಲ್ಲಿಯೂ ಇದೇ ಆಕ್ಷೇಪಣೆಯು ಎದ್ದಿತು. ಅವನು ಅದೇ ವರುಷ ಶಾಸ್ತ್ರವನ್ನೇ ತೆರೆದು ಉತ್ತರ ಬರೆದನು. ನಮಗಿರುವ ಇಬ್ರಿಯ ಭಾಷಾಜ್ಞಾನವು ಅಲ್ಪವಾದರೂ ಇಷ್ಟನ್ನು ಹೇಳಬಲ್ಲೆವು: ಹದಿನಾರನೆಯ ವಚನದಲ್ಲಿ ಸ್ತ್ರೀಯ ವಿಷಯವಾಗಿ ಬಂದಿರುವ ಇಟ್ಸಾಬೋನ್ ಎಂಬ ಮಾತೇ ಹದಿನೇಳನೆಯ ವಚನದಲ್ಲಿ ಪುರುಷನು ಭೂಮಿಯಲ್ಲಿ ಪಡುವ ದುಡಿಮೆಗೂ ಬಂದಿದೆ. ಒಂದೇ ಮಾತು, ಇಬ್ಬರಿಗೂ. ಹೀಗಿರಲಾಗಿ, ಭೂಮಿಯು ಮುಳ್ಳನ್ನೂ ಕಳೆಯನ್ನೂ ಹುಟ್ಟಿಸುವದೆಂದು ಬರೆದಿದೆಯೆಂಬ ಕಾರಣದಿಂದ ನಮ್ಮ ಗಂಡಸರಲ್ಲಿ ಯಾರಾದರೂ ಕಾಫಿ ಗಿಡದ ಬುಡದಲ್ಲಿ ಕಳೆ ತೆಗೆಯುವದನ್ನು ಬಿಟ್ಟರೋ? ಕತ್ತಿಯನ್ನು ಮಸೆಯದೆ ಹೋದರೋ? ನೇಗಿಲಿನಿಂದ ತಮ್ಮ ಬೆವರನ್ನು ಕಡಿಮೆ ಮಾಡಿಕೊಳ್ಳುವವರು ಹೆಂಡತಿಯ ನೋವನ್ನು ಕಡಿಮೆ ಮಾಡುವದು ಪಾಪವೆಂದು ಹೇಳುವದು ನ್ಯಾಯವಲ್ಲ. 1853ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ಹೆರಿಗೆಯಲ್ಲಿ ಕ್ಲೋರೋಫಾರ್ಮನ್ನು ತೆಗೆದುಕೊಂಡ ಮೇಲೆ ಆ ದೇಶದಲ್ಲಿ ಈ ವಾದವು ಬಹಳವಾಗಿ ತಗ್ಗಿತು. ಶಾಸ್ತ್ರವು ಬಗೆಹರಿಸಬೇಕಾದದ್ದನ್ನು ರಾಣಿಯ ಮಾದರಿಯು ಬಗೆಹರಿಸಿತೆಂಬದು ಬೇರೆ ಮಾತು.

ನೋವೇನೋ ಸತ್ಯವಾಗಿ ಇರುವದು. ಯೋಹಾನ 16:21ರಲ್ಲಿ ನಮ್ಮ ಕರ್ತನು ಅದನ್ನು ಅಲ್ಲಗಳೆಯಲಿಲ್ಲ. ಗಳಿಗೆಯು ಬಂದಾಗ ಸ್ತ್ರೀಗೆ ವ್ಯಥೆಯುಂಟೆಂದು ಹೇಳಿ, ಕೂಸು ಹುಟ್ಟಿದ ಮೇಲಿನ ಸಂತೋಷವನ್ನೂ ಹೇಳಿದನು. ಆದರೆ ನೋವಿನ ಮೇಲೆ ಭಯವು ಸೇರಿಕೊಂಡರೆ ನೋವು ಇಮ್ಮಡಿಯಾಗುವದು. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್ ರೀಡ್ ಎಂಬವನು 1933ರಲ್ಲಿ ಸಹಜ ಹೆರಿಗೆಯನ್ನು ಕುರಿತು ಒಂದು ಪುಸ್ತಕವನ್ನು ಬರೆದು, ಭಯದಿಂದ ದೇಹವು ಬಿಗಿಯುವದು, ಬಿಗಿತದಿಂದ ನೋವು ಹೆಚ್ಚುವದು, ಹೆಚ್ಚಿದ ನೋವಿನಿಂದ ಮತ್ತೆ ಭಯ ಹುಟ್ಟುವದು ಎಂದು ತೋರಿಸಿದನು. ಅವನ ಎಲ್ಲಾ ಮಾತನ್ನು ಈಗಿನ ವೈದ್ಯರು ಒಪ್ಪದಿದ್ದರೂ ಇದರಲ್ಲಿ ಸತ್ಯವಿದೆ. ಚೊಚ್ಚಲ ಬಸುರಿಯ ಭಯವು ಹೆಚ್ಚಾಗಿ ತಿಳಿಯದ್ದರಿಂದ ಹುಟ್ಟುವದು. ನೆರೆಹೊರೆಯವರು ಹೇಳುವ ಘೋರ ಕಥೆಗಳಿಂದ ಬೆಳೆಯುವದು. ಆದಕಾರಣ ಏನಾಗುವದೆಂದು ಅವಳಿಗೆ ಮೊದಲೇ ತಿಳಿಸುವದು ಔಷಧಕ್ಕೆ ಸಮಾನ.

ಮೊದಲು ಬಸುರಿನ ತಿಂಗಳುಗಳ ವಿಷಯ. ಗರ್ಭ ನಿಂತಿತೆಂದು ತಿಳಿದ ಕೂಡಲೆ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರನ್ನು ಬರೆಯಿಸಿ ತಾಯಿ ಕಾರ್ಡನ್ನು ಪಡೆಯಬೇಕು. ನಾಲ್ಕು ಸಾರಿಯಾದರೂ ತಪಾಸಣೆಗೆ ಹೋಗತಕ್ಕದ್ದು. ಎಂಟು ಸಾರಿಯಾದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೇಳಿತು. ಅದೇ ವರುಷದಿಂದ ಪ್ರತಿ ತಿಂಗಳ 9ನೆಯ ತಾರೀಕಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಗರ್ಭಿಣಿಯರನ್ನು ಉಚಿತವಾಗಿ ನೋಡುವ ಏರ್ಪಾಡು ಸಹ ಆಗಿದೆ. ರಕ್ತದ ಒತ್ತಡ, ಮೂತ್ರ, ರಕ್ತದ ಬಲ, ರಕ್ತದ ಗುಂಪು ಇವನ್ನೆಲ್ಲಾ ಆಗ ನೋಡುವರು.

ಕಬ್ಬಿಣಾಂಶದ ಗುಳಿಗೆಯ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಯಾಕಂದರೆ ಅನೇಕ ಮನೆಗಳಲ್ಲಿ ಆ ಗುಳಿಗೆಗಳು ಡಬ್ಬಿಯಲ್ಲಿಯೇ ಉಳಿದಿರುವದನ್ನು ಕಂಡಿದ್ದೇವೆ. ಗುಳಿಗೆ ತಿಂದರೆ ಮಗು ಕಪ್ಪಾಗುವದೆಂದು ಒಬ್ಬರು, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವದೆಂದು ಮತ್ತೊಬ್ಬರು ಹೇಳುವರು. ಎರಡೂ ಸುಳ್ಳು. ಮಲವು ಕಪ್ಪಾಗುವದು, ಮಗುವಲ್ಲ. ರಕ್ತ ಕಡಿಮೆಯಾದ ತಾಯಿಯು ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಳಲಾರಳು. ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಒಂದರಂತೆ 180 ದಿನ ತಿನ್ನಬೇಕು. ಹೆತ್ತ ಮೇಲೆಯೂ 180 ದಿನ. ಆದರೆ ನಮ್ಮದು ಕಾಫಿಯ ನಾಡು. ಗುಳಿಗೆಯನ್ನು ಕಾಫಿಯ ಸಂಗಡ ನುಂಗಿದರೆ ಕಾಫಿಯು ಕಬ್ಬಿಣದ ಸತ್ವವನ್ನು ಮೈಗೆ ಹತ್ತಗೊಡಿಸುವದಿಲ್ಲ, ಚಹವೂ ಹಾಗೆಯೇ. ಕಾಫಿಗೂ ಗುಳಿಗೆಗೂ ಒಂದು ತಾಸಾದರೂ ಅಂತರವಿರಲಿ. ಅದರ ಬದಲಾಗಿ ನಿಂಬೆಯ ಪಾನಕವನ್ನಾಗಲಿ ಕಿತ್ತಳೆ ಹಣ್ಣನ್ನಾಗಲಿ ಸಂಗಡ ತೆಗೆದುಕೊಂಡರೆ ಸತ್ವವು ಚೆನ್ನಾಗಿ ಹತ್ತುವದು. ಸುಣ್ಣಾಂಶದ ಗುಳಿಗೆಯನ್ನು ಬೇರೆ ಹೊತ್ತಿನಲ್ಲಿ ತಿನ್ನತಕ್ಕದ್ದು. ಹೆರಿಗೆ ಸುಲಭವಾಗಲೆಂದು ಅರೆಹೊಟ್ಟೆ ಇರುವದಂತೂ ತಾಯಿಗೂ ಶಿಶುವಿಗೂ ಅನ್ಯಾಯ.

ತೋಟದಲ್ಲಿ ಕೂಲಿ ಮಾಡುವ ಸಹೋದರಿಯರು ಒಂದು ಸಂಗತಿಯನ್ನು ತಿಳಿದಿರಬೇಕು. ಹೆರಿಗೆ ಸೌಲಭ್ಯದ ಕಾನೂನು ತೋಟಗಳಿಗೂ ಸಲ್ಲುತ್ತದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದವಳಿಗೆ ಸಂಬಳ ಸಹಿತವಾದ ರಜೆಯುಂಟು. 2017ರ ತಿದ್ದುಪಡಿಯಿಂದ ಮೊದಲಿನ ಎರಡು ಮಕ್ಕಳಿಗೆ ಅದು 26 ವಾರ. ಕೊನೆಯ ದಿನದ ವರೆಗೂ ಬುಟ್ಟಿ ಹೊತ್ತುಕೊಂಡು ಹೋಗುವದು ಧೈರ್ಯವಲ್ಲ, ಹಕ್ಕನ್ನು ಅರಿಯದಿರುವದು.

ಇನ್ನು ಮರಿಯಳ ಮಾದರಿ. ಅವಳೂ ಚೊಚ್ಚಲ ಗರ್ಭಿಣಿಯೇ. ಅವಳು ಒಬ್ಬಳೇ ಮನೆಯಲ್ಲಿ ಕೂತುಕೊಳ್ಳದೆ ಬೆಟ್ಟದ ಸೀಮೆಗೆ ಹೋಗಿ ತನ್ನ ಬಂಧುವಾದ ಎಲಿಸಬೇತಳ ಹತ್ತಿರ ಹೆಚ್ಚುಕಡಿಮೆ ಮೂರು ತಿಂಗಳು ಇದ್ದಳೆಂದು ಲೂಕನು ಬರೆದಿದ್ದಾನೆ. ಹಿರಿಯ ಹೆಂಗಸಿನ ಸಹವಾಸವು ಎಳೆಯ ಬಸುರಿಗೆ ಎಷ್ಟು ಬಲವೆಂಬದು ಈಗ ವೈದ್ಯಶಾಸ್ತ್ರದಿಂದಲೂ ತಿಳಿದುಬಂದಿದೆ. ಬೇನೆಯ ಹೊತ್ತಿನಲ್ಲಿ ಗರ್ಭಿಣಿಯು ಮೆಚ್ಚುವ ಒಬ್ಬರು ಅವಳ ಪಕ್ಕದಲ್ಲಿ ಎಡೆಬಿಡದೆ ಇದ್ದರೆ ಸಹಜ ಹೆರಿಗೆಯು ಹೆಚ್ಚಾಗಿ ಆಗುವದು, ಬೇನೆಯ ಕಾಲವೂ ಸ್ವಲ್ಪ ಕಡಿಮೆಯಾಗುವದು. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಹೀಗೆ ಒಬ್ಬ ಸಂಗಾತಿಯನ್ನು ಬಿಡಬೇಕೆಂದು 2016ರಲ್ಲಿಯೇ ಸೂಚನೆಯಾಗಿದೆ. ಯಾರು ಹೋಗಬೇಕೆಂಬದನ್ನು ಒಂಬತ್ತನೆಯ ತಿಂಗಳಿಗೆ ಮುಂಚೆ ನಿಶ್ಚಯಿಸಿರಿ. ಆ ಸಂಗಾತಿಯು ಬಾಯಿ ಬಡಿದುಕೊಳ್ಳುವವಳಾಗಿರಬಾರದು.

ಸೂಲಗಿತ್ತಿಯರನ್ನು ನಾವು ಹೀನೈಸುವವರಲ್ಲ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿಯದೆ, ಹಣ ತೆಗೆದುಕೊಳ್ಳದೆ, 15,000ಕ್ಕಿಂತ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಹೊಂದಿ ಅದೇ ವರುಷ ಡಿಸೆಂಬರ್ 25ರಲ್ಲಿ ತೀರಿಹೋದರು. ಅಂಥ ಕೈಗಳು ದೇವರ ವರ. ಆದರೆ ರಕ್ತಸ್ರಾವವು ಹತ್ತಿಕೊಂಡರೆ ಎಂಥ ಕೈಗೂ ರಕ್ತವನ್ನು ತುಂಬಲಾಗದು. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಒಬ್ಬರ ಹಿಂದೆ ಒಬ್ಬರು ಬಂದು ತಮ್ಮ ಎಳೆಯ ಹೆಂಡಂದಿರ ಹೆರಿಗೆಗೆ ಹೆಂಗಸಿನ ಸಹಾಯವನ್ನು ಬೇಡಿದರೆಂದೂ, ಗಂಡು ವೈದ್ಯನನ್ನು ಒಪ್ಪದೆ ತಿರುಗಿ ಹೋದರೆಂದೂ, ಮೂವರು ಸ್ತ್ರೀಯರೂ ಸತ್ತರೆಂದೂ, ಅದನ್ನು ಕಂಡ ಐಡಾ ಸ್ಕಡ್ಡರ್ ಎಂಬ ಯೌವನಸ್ಥೆಯು ವೈದ್ಯಶಾಸ್ತ್ರವನ್ನು ಕಲಿತು 1900ರಲ್ಲಿ ತಿರುಗಿ ಬಂದು ವೇಲೂರಿನ ಕೆಲಸವನ್ನು ಆರಂಭಿಸಿದಳೆಂದೂ ನಮ್ಮ ಹಿರಿಯರು ಬಲ್ಲರು. ಈಗ ಆ ಅಡ್ಡಿ ಇಲ್ಲ. ಆದರೂ 2018ರಿಂದ 2020ರ ವರೆಗಿನ ಲೆಕ್ಕದಂತೆ ನಮ್ಮ ಕರ್ನಾಟಕದಲ್ಲಿ ಜೀವಂತವಾಗಿ ಹುಟ್ಟಿದ ಒಂದು ಲಕ್ಷ ಶಿಶುಗಳಿಗೆ 69 ತಾಯಂದಿರು ತೀರಿಹೋದರು. ಆದಕಾರಣ ಸಹಜ ಹೆರಿಗೆಯನ್ನು ಬಯಸುವವಳೂ ಆಸ್ಪತ್ರೆಯಲ್ಲಿಯೇ ಹೆರಲಿ.

ರಾಹೇಲಳ ಕಥೆಯು ನಮಗೆ ಹೆಚ್ಚು ತಗಲುವಂಥದ್ದು. ಅವಳಿಗೆ ಎಫ್ರಾತದ ದಾರಿಯಲ್ಲಿ, ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಬೇನೆಯು ಬಂತು. ಸೂಲಗಿತ್ತಿಯು ಸಂಗಡ ಇದ್ದು ಧೈರ್ಯ ಹೇಳಿದಳು. ಆದರೂ ಅವಳು ದಾರಿಯಲ್ಲಿಯೇ ಸತ್ತಳು. ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಇರುವ ಸುಂಟಿಕೊಪ್ಪದವರಿಗೆ ದೊಡ್ಡ ರಸ್ತೆಯು ಹತ್ತಿರವೇ. ಕಷ್ಟವಿರುವದು ತೋಟದಿಂದ ಆ ರಸ್ತೆಗೆ ಬರುವದರಲ್ಲಿ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರಗಳ ಕಡೆ ಗುಡ್ಡಗಳು ಜರಿದು ದಾರಿಗಳು ಮುಚ್ಚಿಹೋದದ್ದನ್ನು ಯಾರು ಮರೆತಾರು? ಆದದರಿಂದ ಜೂನಿನಿಂದ ಸೆಪ್ಟೆಂಬರಿನ ವರೆಗೆ ದಿನ ತುಂಬುವವರು ಬೇನೆಗಾಗಿ ಕಾಯದೆ ಒಂದು ವಾರ ಮುಂಚಿತವಾಗಿ ರಸ್ತೆಯ ಪಕ್ಕದ ನೆಂಟರ ಮನೆಗೋ ಸಭೆಯವರ ಮನೆಗೋ ಬಂದಿರತಕ್ಕದ್ದು. 2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆದರೆ ಬರುವ ಆಂಬುಲೆನ್ಸು ಉಂಟು. ಆದರೆ ಮೊಬೈಲಿಗೆ ಸಿಗ್ನಲ್ ಸಿಕ್ಕುವ ಜಾಗ ಯಾವದೆಂದು ಹಗಲಲ್ಲಿಯೇ ನೋಡಿಕೊಂಡಿರಿ. ಜೀಪು ಇರುವ ಇಬ್ಬರ ನಂಬರುಗಳನ್ನು ಗೋಡೆಯ ಮೇಲೆ ಇದ್ದಲಿನಿಂದ ದೊಡ್ಡದಾಗಿ ಬರೆಯಿರಿ. ಅದೇ ರಕ್ತದ ಗುಂಪಿನ ಇಬ್ಬರನ್ನು ಸಭೆಯಲ್ಲಿ ಹುಡುಕಿಡಿರಿ. ತಾಯಿ ಕಾರ್ಡು, ಹಳೆಯ ಶುದ್ಧವಾದ ಹತ್ತಿ ಬಟ್ಟೆಗಳು, ಮಗುವಿಗೆ ಟೊಪ್ಪಿಗೆ, ಕಂಬಳಿ ಇವೆಲ್ಲಾ ಒಂದು ಚೀಲದಲ್ಲಿ ಕಟ್ಟಿರಲಿ.

ರಕ್ತ ಹೋಗುವದು, ತಲೆನೋವಿನ ಸಂಗಡ ಕಣ್ಣು ಮಂಜಾಗುವದು, ಮುಖ ಊದುವದು, ಜ್ವರ, ಸೆಳವು, ಹೊಟ್ಟೆಯೊಳಗಿನ ಮಗುವಿನ ಆಟ ಕಡಿಮೆಯಾಗುವದು, ನೋವಿಲ್ಲದೆ ನೀರು ಹೋಗುವದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ಬೇನೆಯಾದರೋ ಹೀಗೆ ಬರುವದು. ಕೊನೆಯ ವಾರಗಳಲ್ಲಿ ಹೊಟ್ಟೆಯು ಬಿಗಿದು ಬಿಗಿದು ಸಡಿಲುವದುಂಟು. ಸ್ವಲ್ಪ ನಡೆದಾಡಿದರೆ ನಿಂತುಹೋಗುವದು. ಅದು ಸುಳ್ಳು ನೋವು. ನಿಜವಾದ ನೋವು ನಿಲ್ಲದೆ, ಲೆಕ್ಕ ತಪ್ಪದೆ, ಹತ್ತಿರ ಹತ್ತಿರವಾಗಿ ಬರುವದು. ರಕ್ತ ಬೆರೆತ ಲೋಳೆಯೂ ಕಾಣಿಸಬಹುದು. ನಮ್ಮ ಮಳೆಯನ್ನು ನೋಡಿರಿ: ಒಂದು ಸಾರಿ ಬಿರುಸಾಗಿ ಹೊಡೆಯುವದು, ಆಮೇಲೆ ಹೊಳವಾಗುವದು. ಒಂದೊಂದು ನೋವೂ ಏರಿ ಸುಮಾರು ಒಂದು ನಿಮಿಷದಲ್ಲಿ ಇಳಿದುಹೋಗುವದು. ಹೊಳವಾದಾಗ ದಣಿವಾರಿಸಿಕೊಳ್ಳಬೇಕು, ಗಂಜಿಯ ತಿಳಿಯನ್ನೋ ನೀರನ್ನೋ ಕುಡಿಯಬೇಕು. ಬಿರುಸಾದಾಗ ಹಲ್ಲು ಕಚ್ಚದೆ ಉಸಿರನ್ನು ನಿಧಾನವಾಗಿ ಹೊರಗೆ ಬಿಡಬೇಕು. ಗರ್ಭಕೋಶದ ಬಾಯಿಯು ಹತ್ತು ಸೆಂಟಿಮೀಟರ್ ತೆರೆಯಬೇಕಾಗಿದೆ. ಚೊಚ್ಚಲಿನಲ್ಲಿ ಮೊದಲಿನ ಐದು ಸೆಂಟಿಮೀಟರಿಗೆ ಬಹಳ ಹೊತ್ತು ಹಿಡಿಯುವದು. ಇಷ್ಟೇ ಹೊತ್ತೆಂದು ಹೇಳಲಾಗದು. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಹನ್ನೆರಡು ತಾಸಿನ ಒಳಗೆ ಪೂರ್ತಿ ತೆರೆಯುವದು. ಇನ್ನೂ ಆಗಲಿಲ್ಲವೋ, ಇನ್ನೂ ಆಗಲಿಲ್ಲವೋ ಎಂದು ಬಾಗಿಲಲ್ಲಿ ನಿಂತು ಕೇಳುವವರನ್ನು ದಯವಿಟ್ಟು ಅಂಗಳಕ್ಕೆ ಕಳುಹಿಸಿರಿ. ತಾಯಿಯು ಮಲಗಿಯೇ ಇರಬೇಕೆಂಬದೂ ಇಲ್ಲ. ವೈದ್ಯರು ಬೇಡವೆನ್ನದಿದ್ದರೆ ನಡೆಯಲಿ, ಕೂತುಕೊಳ್ಳಲಿ, ಗೋಡೆಗೆ ಒರಗಿ ನಿಲ್ಲಲಿ.

ಬಾಯಿಯು ಪೂರ್ತಿ ತೆರೆದ ಮೇಲೆ ಮುಕ್ಕುವ ಒತ್ತಡವು ತಾನಾಗಿ ಬರುವದು. ಅದಕ್ಕೆ ಮುಂಚೆ ಮುಕ್ಕುವದರಿಂದ ದಣಿವಲ್ಲದೆ ಬೇರೆ ಲಾಭವಿಲ್ಲ. ಇದಕ್ಕೆ ಚೊಚ್ಚಲಿನಲ್ಲಿ ಮೂರು ತಾಸಿನ ವರೆಗೂ ಹಿಡಿಯಬಹುದು. ಹೊಟ್ಟೆಯನ್ನು ಮೇಲಿನಿಂದ ಒತ್ತುವದು ಕೂಡದು. ಶಿಶುವು ಹುಟ್ಟಿದ ಮೇಲೆ ರಕ್ತಸ್ರಾವವನ್ನು ತಡೆಯುವ ಸೂಜಿಮದ್ದನ್ನು ದಾದಿಯು ಕೊಡುವಳು. ಸಹಜ ಹೆರಿಗೆಯಲ್ಲಿ ಮದ್ದೇಕೆ ಎಂದು ಯಾರೂ ಬೇಡವೆನ್ನಬಾರದು, ಅನೇಕರ ಜೀವವು ಅದರಿಂದ ಉಳಿದಿದೆ. ಹೊಕ್ಕಳುಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸಿದರೆ ಶಿಶುವಿಗೆ ಮಾಸಿನಿಂದ ಇನ್ನಷ್ಟು ರಕ್ತ ಸೇರುವದು.

ಒಂದು ವೇಳೆ ಶಸ್ತ್ರಚಿಕಿತ್ಸೆಯಿಂದಲೇ ಮಗುವನ್ನು ತೆಗೆಯಬೇಕಾದರೆ? ಸಹಜ ಹೆರಿಗೆಯನ್ನು ಬಯಸುವದು ಒಳ್ಳೇದು. ಆದರೆ ಅದನ್ನು ವಿಗ್ರಹವನ್ನಾಗಿ ಮಾಡಿಕೊಳ್ಳಬಾರದು. ನಮ್ಮ ಒಂದು ಸಭೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಹೆತ್ತ ತಾಯಿಯನ್ನು ಕುರಿತು, ಅವಳಿಗೆ ನಂಬಿಕೆ ಸಾಲದು ಎಂದು ಹೆಂಗಸರೇ ಮಾತಾಡಿದ್ದನ್ನು ಕೇಳಿ ನಮಗೆ ಬಹಳ ದುಃಖವಾಯಿತು. ಹೀಗೆ ಮಾತಾಡುವವರು ಗಾಯದ ಮೇಲೆ ಉಪ್ಪು ಹಾಕುವವರು.

ಹುಟ್ಟಿದ ಕೂಸನ್ನು ಒರಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಮೇಲೆ ಹೊದಿಸಬೇಕು. ಕೊಡಗಿನ ಚಳಿಯಲ್ಲಿ ಇದಕ್ಕಿಂತ ಒಳ್ಳೇ ಕಂಬಳಿ ಇಲ್ಲ. ಮೊದಲಿನ ಒಂದು ತಾಸಿನೊಳಗೆ ಮೊಲೆ ಕುಡಿಸಬೇಕು. ಹಳದಿಯಾದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವದು ದೇವರು ಕೊಟ್ಟ ಮೊದಲನೆಯ ಮದ್ದನ್ನೇ ಚೆಲ್ಲಿದಂತೆ. ಜೇನು, ಸಕ್ಕರೆ ನೀರು, ಕತ್ತೆಹಾಲು ಯಾವದೂ ಬೇಡ. ಆರು ತಿಂಗಳು ತಾಯಿಯ ಹಾಲೇ ಸಾಕು. ಸ್ನಾನವನ್ನು ಒಂದು ದಿನವಾದರೂ ತಡೆಯಿರಿ. ಬಾಣಂತಿಯ ಕೋಣೆಯ ಬಾಗಿಲು ಕಿಟಕಿಗಳನ್ನೆಲ್ಲಾ ಮುಚ್ಚಿ ಒಳಗೆ ಕೆಂಡವನ್ನು ಇಡುವ ರೂಢಿಯು ಬಹಳ ಅಪಾಯಕರ. ಆ ಕೆಂಡದಿಂದ ಹುಟ್ಟುವ ವಿಷವಾಯುವಿಗೆ ವಾಸನೆಯಿಲ್ಲ, ಮಲಗಿದವರು ಏಳದೆ ಹೋಗಬಹುದು. ಕೂಸಿನ ಕೈಗೆ ತಾಯಿತ ಕಟ್ಟುವವರ ವಿಷಯವಾಗಿ ಮತ್ತೊಮ್ಮೆ ಬರೆಯುವೆವು.

ಈಗ ಆ ಮಳೆಯ ರಾತ್ರಿಯ ಮಾತು. ಜೀಪಿನಲ್ಲಿ ಹಿಂದಿನ ಸೀಟಿನಲ್ಲಿ ಆ ಸಹೋದರಿ, ಅವಳ ಎರಡು ಪಕ್ಕಗಳಲ್ಲಿ ಗಂಡನೂ ಅತ್ತೆಯೂ, ಮುಂದೆ ನಾವು. ದಾರಿಯಲ್ಲಿ ಒಂದು ಸಿಲ್ವರ್ ಮರವು ಅಡ್ಡ ಬಿದ್ದಿತ್ತು. ಗಂಡನೂ ಚಾಲಕನೂ ನಾವೂ ಇಳಿದು ಕತ್ತಿಯಿಂದ ಕೊಂಬೆಗಳನ್ನು ಕಡಿದು ಸರಿಸುವದಕ್ಕೆ ಅರ್ಧ ತಾಸು ಹಿಡಿಯಿತು. ನಾವು ತಡಮಾಡಿದ ಕಾಲು ತಾಸನ್ನು ಅಲ್ಲಿ ಎಷ್ಟು ಸಾರಿ ಎಣಿಸಿದೆವೋ ದೇವರಿಗೆ ಗೊತ್ತು. ಮುದುಕಿಯು ಮಾತ್ರ ಒಳಗೆ ಸೊಸೆಯ ಬೆನ್ನನ್ನು ನೀವುತ್ತಾ, “ಬಂತು ಮಗಳೇ, ಹೋಯಿತು, ಬಂತು, ಹೋಯಿತು” ಎಂದು ಹೇಳುತ್ತಾ ಇದ್ದಳು. ಆಸ್ಪತ್ರೆಯಲ್ಲಿ ದಾದಿಯು ಅವಳನ್ನೇ ಸಂಗಾತಿಯಾಗಿ ಒಳಗೆ ಬಿಟ್ಟಳು. ಮರುದಿನ ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೆಣ್ಣು ಮಗು ಹುಟ್ಟಿತು. ಹೊರಗೆ ಬಂದ ಮುದುಕಿಯು ನಮ್ಮನ್ನು ನೋಡಿ, “ಈಗ ಬೇಕಾದಷ್ಟು ಉದ್ದ ಪ್ರಾರ್ಥನೆ ಮಾಡಿರಿ ಅಯ್ಯನವರೇ, ನಾನು ಕೂತುಕೊಳ್ಳುತ್ತೇನೆ” ಅಂದಳು. ಬೆಂಚಿನ ಮೇಲೆ ಕೂತು, ನಾವು ಬಾಯಿ ತೆರೆಯುವದಕ್ಕೆ ಮುಂಚೆಯೇ ನಿದ್ದೆಹೋದಳು.